ಟರ್ಮಿನಲ್‌ನಿಂದಾನೇ ಪ್ರಿಂಟ್ ಕೊಡೋದು ಹೇಗೆ

ಒಂದೇ ಫೈಲ್ ಆದ್ರೆ ಮೌಸ್ ಸಾಕು ಬಿಡಿ, ಆದ್ರೆ ಫೋಲ್ಡರ್ ತುಂಬಾ ಬಿಲ್ಲಿನ ಪಿಡಿಎಫ್ ಇದ್ದಾಗ ಒಂದೊಂದೇ ಓಪನ್ ಮಾಡಿ ಕಂಟ್ರೋಲ್ ಪಿ ಒತ್ಕೊಂಡು ಕೂರೋಕಾಗುತ್ತಾ? ಲಿನಕ್ಸ್ ಆಗ್ಲಿ ಮ್ಯಾಕ್ ಆಗ್ಲಿ ಒಳಗೆ ಪ್ರಿಂಟಿಂಗ್ ನೋಡ್ಕೊಳ್ಳೋದು ಕಪ್ಸ್ ಅನ್ನೋ ಒಂದೇ ಸಿಸ್ಟಮ್, ಹಾಗಾಗಿ ಈ ಕಮಾಂಡ್‌ಗಳು ಎರಡರಲ್ಲೂ ನಡೆಯುತ್ತೆ.

ಮೊದಲು ಟರ್ಮಿನಲ್, ಅಂದ್ರೆ ಕಮಾಂಡ್ ಟೈಪ್ ಮಾಡೋ ವಿಂಡೋ, ಓಪನ್ ಮಾಡಿ "ಎಲ್‌ಪಿಸ್ಟ್ಯಾಟ್ -ಪಿ -ಡಿ" ಹೊಡೀರಿ (ಟೈಪ್ ಮಾಡೋದು ಇಂಗ್ಲಿಷಲ್ಲೇ, ಎಲ್ಲಾ ಸಣ್ಣಕ್ಷರ, ದೊಡ್ಡಕ್ಷರ ಬೇಕಾದ ಕಡೆ ಹೇಳ್ತೀನಿ). ಪ್ರಿಂಟರ್‌ಗಳ ಹೆಸರು ಬರುತ್ತೆ, ಸ್ಪೇಸ್ ಇರಲ್ಲ, ಅಂಡರ್‌ಸ್ಕೋರ್ ಇರುತ್ತೆ, ಹಾಗ್‌ಹಾಗೇ ಕಾಪಿ ಮಾಡ್ಕೊಳ್ಳಿ. ಡೀಫಾಲ್ಟ್ ಯಾವುದೂ ಇಲ್ಲ ಅಂತ ಬಂದ್ರೆ "ಎಲ್‌ಪಿಆಪ್ಷನ್ಸ್ -ಡಿ" ಬರೆದು ಮುಂದೆ ಆ ಹೆಸರು ಹಾಕಿ.

ಆಮೇಲೆ "ಎಲ್‌ಪಿ ಬಿಲ್.ಪಿಡಿಎಫ್", ಅಷ್ಟೇ. ಬೇರೆ ಪ್ರಿಂಟರ್‌ಗೆ ಕಳಿಸ್ಬೇಕಂದ್ರೆ ಮಧ್ಯೆ -ಡಿ ಮತ್ತೆ ಪ್ರಿಂಟರ್ ಹೆಸರು. ತಕ್ಷಣ ಒಂದು ರಿಕ್ವೆಸ್ಟ್ ಐಡಿ ಕೊಡುತ್ತೆ, ಅದನ್ನ ನೋಡಿ ಪ್ರಿಂಟ್ ಆಯ್ತು ಅಂದ್ಕೋಬೇಡಿ, ಕ್ಯೂಗೆ ಸೇರ್ತು ಅಂತ ಮಾತ್ರ ಅರ್ಥ.

ಎರಡು ಕಾಪಿಗೆ ಅದೇ ಜಾಗದಲ್ಲಿ -ಎನ್ 2. ಮೊದಲ ನಾಲ್ಕು ಪೇಜ್ ಮಾತ್ರ ಸಾಕು ಅಂದ್ರೆ -ಪಿ 1-4, ಈ ಪಿ ದೊಡ್ಡಕ್ಷರ. ಇಲ್ಲೇ ಜನ ಎಡವೋದು, ಯಾಕಂದ್ರೆ ಬರ್ಕ್ಲಿ ಯುನಿಕ್ಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್ ಕಡೆಯಿಂದ ಬಂದ ಎಲ್‌ಪಿಆರ್ ಅನ್ನೋ ಇನ್ನೊಂದು ಕಮಾಂಡ್ ಇದೆ, ಅದರಲ್ಲಿ ಇದೇ ದೊಡ್ಡ ಪಿ ಅಂದ್ರೆ ಪ್ರಿಂಟರ್ ಹೆಸರು. ಎರಡನ್ನೂ ಮಿಕ್ಸ್ ಮಾಡೋದ್ಕಿಂತ ಎಲ್‌ಪಿ ಒಂದನ್ನೇ ಅಭ್ಯಾಸ ಮಾಡ್ಕೊಳ್ಳೋದು ವಾಸಿ. ಎರಡೂ ಕಡೆ ಪ್ರಿಂಟ್‌ಗೆ "-ಓ ಸೈಡ್ಸ್=ಟೂ-ಸೈಡೆಡ್-ಲಾಂಗ್-ಎಡ್ಜ್". ಅಂಚು ಕಟ್ ಆಗಿ ಬರ್ತಿದ್ರೆ ಪೇಪರ್ ಸೈಜ್ ಅಮೆರಿಕದ ಲೆಟರ್‌ನಲ್ಲಿ ಕೂತಿರಬಹುದು, "-ಓ ಮೀಡಿಯಾ=ಎ4" ಸೇರಿಸಿ ನೋಡಿ.

ಇಡೀ ಫೋಲ್ಡರ್‌ಗೆ "ಎಲ್‌ಪಿ *.ಪಿಡಿಎಫ್" ಕೊಟ್ರೆ ಎಲ್ಲಾ ಸೇರಿ ಒಂದೇ ಜಾಬ್ ಆಗುತ್ತೆ, ಮಧ್ಯದಲ್ಲಿ ಒಂದನ್ನ ಮಾತ್ರ ಕ್ಯಾನ್ಸಲ್ ಮಾಡೋಕಾಗಲ್ಲ, ಅದು ಬೇಕಿದ್ರೆ ಒಂದೊಂದು ಫೈಲಿಗೂ ಬೇರೆಬೇರೆಯಾಗಿ ಎಲ್‌ಪಿ ಓಡಿಸೋ ಫಾರ್ ಲೂಪ್ ಹಾಕಿ. ವರ್ಡ್ ಫೈಲನ್ನ ನೇರ ಕಳಿಸಿದ್ರೆ ಈ ಫಾರ್ಮ್ಯಾಟ್ ಗೊತ್ತಿಲ್ಲ ಅಂತ ಎರರ್ ಬರುತ್ತೆ, ಮೊದಲು "ಎಸ್‌ಆಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್" ಅಂತ ಬರೆದು ಫೈಲ್ ಹೆಸರು ಕೊಡಿ, ಇದಕ್ಕೆ ಲಿಬ್ರೆಆಫೀಸ್ ಅನ್ನೋ ಉಚಿತ ಆಫೀಸ್ ಸಾಫ್ಟ್‌ವೇರ್ ಇರಬೇಕು. ಕನ್ನಡದ ಟೆಕ್ಸ್ಟ್ ಫೈಲ್‌ಗೂ ಇದೇ ದಾರಿ ಹಿಡೀರಿ, ನೇರ ಕಳಿಸಿದ್ರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗೋ ಚಾನ್ಸ್ ಜಾಸ್ತಿ.

ಇನ್ನು ಎಲ್ಲಾ ಸರಿ ಇದ್ರೂ ಪೇಪರ್ ಬರ್ತಿಲ್ವಾ? ಪ್ರಿಂಟರ್ ಆಫ್ ಮಾಡೋದು, ಕೇಬಲ್ ಕಿತ್ತು ಹಾಕೋದು ಎಲ್ಲಾ ಆಮೇಲೆ, ಮೊದಲು ಎಲ್‌ಪಿಸ್ಟ್ಯಾಟ್ -ಪಿ ನೋಡಿ. ಹೆಸರಿನ ಪಕ್ಕ ಡಿಸೇಬಲ್ಡ್ ಅಂತ ಇದ್ರೆ ಯಾವಾಗ್ಲೋ ಕನೆಕ್ಷನ್ ತಪ್ಪಿದಾಗ ಕಪ್ಸ್ ತಾನೇ ಕ್ಯೂ ನಿಲ್ಲಿಸಿರುತ್ತೆ, ಪ್ರಿಂಟರ್ ವಾಪಸ್ ಆನ್ ಆದ್ರೂ ಕ್ಯೂ ತಾನಾಗಿ ಶುರು ಆಗದೇ ಇರಬಹುದು. "ಸುಡೋ ಕಪ್ಸ್‌ಎನೇಬಲ್" (ಸುಡೋ ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಜೊತೆ ಪ್ರಿಂಟರ್ ಹೆಸರು ಕೊಡಿ, ಆದ್ರೆ ಅದಕ್ಕೂ ಮುಂಚೆ "ಎಲ್‌ಪಿಸ್ಟ್ಯಾಟ್ -ಓ" ಹೊಡೆದು ಹಳೇ ಜಾಬ್‌ಗಳನ್ನ "ಕ್ಯಾನ್ಸಲ್" ಮತ್ತೆ ಅದರ ಐಡಿ ಹಾಕಿ ತೆಗೀರಿ, ಇಲ್ಲಾಂದ್ರೆ ಬರಲಿಲ್ಲ ಅಂತ ಸಿಟ್ಟಲ್ಲಿ ಪದೇಪದೇ ಕೊಟ್ಟಿದ್ದೆಲ್ಲಾ ಒಟ್ಟಿಗೆ ಹೊರಗೆ ಬೀಳುತ್ತೆ.

ಟೈಮ್ ಇಟ್ಟು ಪ್ರಿಂಟ್ ಮಾಡೋಕೂ ಆಗುತ್ತೆ, ದೊಡ್ಡ ಹೆಚ್ ಹಾಕಿ -ಹೆಚ್ 00:30. ಇದು ಯುಟಿಸಿ ಅನ್ನೋ ಅಂತಾರಾಷ್ಟ್ರೀಯ ಟೈಮ್, ಅಂದ್ರೆ ನಮ್ಮ ಬೆಳಗ್ಗೆ 6 ಗಂಟೆ.