ಲೈಬ್ರರಿ ಚಿತ್ರಪುಸ್ತಕದಿಂದ ಮಕ್ಕಳಿಗೆ ದೊಡ್ಡ ಕಲಾವಿದರ ಪರಿಚಯ ಮಾಡ್ಸೋದು ಹೇಗೆ

ಮಕ್ಕಳಿಗೆ ವ್ಯಾನ್ ಗೋ, ಮೊನೆ, ಹೊಕುಸಾಯ್ ಇವರನ್ನೆಲ್ಲ ತೋರಿಸೋಕೆ ದುಬಾರಿ ಪುಸ್ತಕ ಕೊಂಡ್ಕೋಬೇಕಾಗಿಲ್ಲ, ಲೈಬ್ರರಿ ಕಾರ್ಡ್ ಒಂದಿದ್ರೆ ಸಾಕು. ಆದ್ರೆ ಒಂದು ಮಾತು ಮೊದ್ಲೇ ಹೇಳ್ತೀನಿ, ಒಬ್ಬ ಕಲಾವಿದರಿಗೆ ಎರಡು ಪುಸ್ತಕ ತನ್ನಿ. ಯಾಕಂದ್ರೆ ಮಕ್ಕಳಿಗೆ ಅಂತ ಬರೆದಿರೋ ಕಲಾವಿದರ ಕತೆ ಪುಸ್ತಕಗಳಲ್ಲಿ ತುಂಬಾ ಸಲ ಚಿತ್ರ ಬರೆದಿರೋದು ಆ ಪುಸ್ತಕಕ್ಕೆ ಚಿತ್ರ ಹಾಕಿದವರು, ಕಲಾವಿದರ ನಿಜವಾದ ಪೇಂಟಿಂಗ್ ಕೊನೇ ಪುಟದಲ್ಲೆಲ್ಲೋ ಅಂಚೆಚೀಟಿಯಷ್ಟು ಇರತ್ತೆ, ಕೆಲವದ್ರಲ್ಲಿ ಅದೂ ಇರಲ್ಲ. ಮಗು ಆ ಪುಸ್ತಕದ ಚಿತ್ರಾನೇ ವ್ಯಾನ್ ಗೋ ಬರೆದಿದ್ದು ಅನ್ಕೊಂಡ್ಬಿಡತ್ತೆ. ಅದಕ್ಕೆ ಕತೆಗೆ ಒಂದು ಪುಸ್ತಕ, ಜೊತೆಗೆ ದೊಡ್ಡವರ ಸೆಕ್ಷನ್‌ನಿಂದ ಪೇಂಟಿಂಗ್‌ಗಳ ಫೋಟೋ ದೊಡ್ಡದಾಗಿ ಅಚ್ಚಾಗಿರೋ ಇನ್ನೊಂದು, ಎರಡೂ ಅಕ್ಕಪಕ್ಕ ಇಡಿ.

ಹುಡುಕೋದು ಹೇಗೆ ಅಂದ್ರೆ, ಮಕ್ಕಳ ಚಿತ್ರಪುಸ್ತಕಗಳನ್ನ ಸಾಮಾನ್ಯವಾಗಿ ಬರೆದವರ ಹೆಸರಿನ ಪ್ರಕಾರ ಜೋಡಿಸಿರ್ತಾರೆ, ಹಾಗಾಗಿ ಶೆಲ್ಫ್ ಮುಂದೆ ನಿಂತು ಹುಡುಕಿದ್ರೆ ಕಲಾವಿದರ ಹೆಸರು ಸಿಗಲ್ಲ, ಕ್ಯಾಟಲಾಗ್‌ನಲ್ಲಿ ಕಲಾವಿದರ ಹೆಸರನ್ನ ವಿಷಯ ಅಂತ ಹಾಕಿ ಹುಡುಕಿ. ಡ್ಯೂಯಿ ನಂಬರ್, ಅಂದ್ರೆ ಪುಸ್ತಕಗಳನ್ನ ವಿಷಯದ ಪ್ರಕಾರ ಜೋಡಿಸೋ ನಂಬರ್ ಬಳಸೋ ಲೈಬ್ರರಿ ಆದ್ರೆ 700ರಿಂದ ಕಲೆ ಶುರು, 750ರ ಸಾಲಿನಲ್ಲಿ ಪೇಂಟಿಂಗ್, 759ರಲ್ಲಿ ಚಿತ್ರಕಲೆಯ ಇತಿಹಾಸ, ಜೀವನಚರಿತ್ರೆ 920ರ ಹತ್ರ ಇರಬಹುದು. ದೊಡ್ಡ ಸೈಜಿನ ಪುಸ್ತಕಗಳನ್ನ ಬೇರೆ ಕಡೆ ಇಟ್ಟಿರ್ತಾರೆ, ಲೈಬ್ರರಿಯನ್‌ನ ಕೇಳಿ. ಮನೆಗೆ ಕೊಡದಿರೋ ರೆಫರೆನ್ಸ್ ಪುಸ್ತಕ ಆದ್ರೆ ಅಲ್ಲೇ ಮಗೂನ ಪಕ್ಕ ಕೂರಿಸ್ಕೊಂಡು ನೋಡಿ. ಮನೆಗೆ ತರೋ ಮುಂಚೆ ಒಂದ್ಸಲ ಪುಟ ತಿರುವಿ ನೋಡಿ, ಬೆತ್ತಲೆ ಚಿತ್ರ, ಯುದ್ಧದ ಚಿತ್ರ ಇದ್ದೇ ಇರ್ತವೆ, ಮಗು ಕೇಳಿದ್ರೆ ಏನು ಹೇಳ್ಬೇಕು ಅಂತ ನಿಮಗೆ ಗೊತ್ತಿದ್ರೆ ಸಾಕು, ಬಚ್ಚಿಡೋ ಅಗತ್ಯ ಇಲ್ಲ.

ಮನೆಗೆ ಬಂದ ತಕ್ಷಣ ಓದೋಕೆ ಶುರು ಮಾಡ್ಬೇಡಿ. ಮೊದ್ಲು ಒಂದೇ ಒಂದು ಪೇಂಟಿಂಗ್ ತೆರೆದಿಡಿ, ಹೆಸರು ಹೇಳ್ಬೇಡಿ, ಯಾರು ಬರೆದಿದ್ದು ಅಂತಾನೂ ಹೇಳ್ಬೇಡಿ. "ಇದ್ರಲ್ಲಿ ಏನಾಗ್ತಿದೆ?" ಅಂತ ಕೇಳಿ ಸುಮ್ಮನಿರಿ, ಮಗು ಏನೋ ಹೇಳತ್ತೆ, ಆಗ "ಹೌದಾ, ಏನು ನೋಡಿ ಹಾಗನ್ನಿಸ್ತು?" ಅಂತ ಇನ್ನೊಂದು ಪ್ರಶ್ನೆ. ಹೊಕುಸಾಯ್‌ನ ದೊಡ್ಡ ಅಲೆ ಚಿತ್ರ, ಅಂದಾಜು 1831ರದ್ದು, ಇದಕ್ಕೆ ತುಂಬಾ ಚೆನ್ನಾಗಿದೆ. ಎಲ್ರ ಕಣ್ಣೂ ಮೊದ್ಲು ಅಲೆಗೇ ಹೋಗತ್ತೆ, ಆಮೇಲೆ ನಿಧಾನಕ್ಕೆ ಮೂರು ದೋಣಿ, ಅದ್ರಲ್ಲಿ ಬಗ್ಗಿ ಕೂತಿರೋ ಜನ, ಕೊನೆಗೆ ಹಿಂದೆ ಪುಟ್ಟದಾಗಿ ಕಾಣೋದು ಅಲೆ ಅಲ್ಲ ಫ್ಯೂಜಿ ಪರ್ವತ ಅಂತ ಮಗೂಗೇ ಹೊಳೆದಾಗ ಅದರ ಮುಖ ನೋಡ್ಬೇಕು, ಅದನ್ನ ನೀವು ಮೊದ್ಲೇ ಹೇಳ್ಬಿಟ್ರೆ ಆ ಖುಷಿ ಕಿತ್ಕೊಂಡ ಹಾಗೆ. ಇನ್ನೂ ಚಿಕ್ಕ ಮಕ್ಕಳಿಗೆ ಬಂಗಾಳದ ಕಲಾವಿದ ಜಾಮಿನಿ ರಾಯ್ ಚಿತ್ರ ಇಷ್ಟ ಆಗತ್ತೆ, ದಪ್ಪ ಗೆರೆ, ದೊಡ್ಡ ದೊಡ್ಡ ಕಣ್ಣು. ಸ್ವಲ್ಪ ದೊಡ್ಡವರಿಗೆ ಬ್ರೂಗೆಲ್ 1560ರಲ್ಲಿ ಬರೆದ ಮಕ್ಕಳ ಆಟಗಳ ಚಿತ್ರ ಕೊಡಿ, ಇನ್ನೂರಕ್ಕೂ ಹೆಚ್ಚು ಮಕ್ಕಳಿದ್ದಾರೆ, ಕಣ್ಣು ಕಟ್ಕೊಂಡು ಹಿಡಿಯೋ ಆಟ, ಚಕ್ರ ಓಡಿಸೋದು, ಮರಗಾಲಲ್ಲಿ ನಡೆಯೋದು, ಬಗ್ಗಿ ನಿಂತವರ ಮೇಲೆ ಹಾರೋದು ಎಲ್ಲಾ ಇದೆ, ತಾವು ಆಡೋ ಆಟ ಯಾವ್ದು ಅಂತ ಹುಡುಕ್ತಾ ಗಂಟೆಗಟ್ಟಲೆ ಕೂರ್ತಾರೆ.

ನೋಡಿ ಮುಗಿದ ಮೇಲೆ ಕತೆ ಪುಸ್ತಕ ಓದಿ. ಆಗ ಕತೆ ಮಗೂಗೆ ಬೇಕಾಗಿರತ್ತೆ. ವ್ಯಾನ್ ಗೋ ನಕ್ಷತ್ರಗಳ ರಾತ್ರಿ ಬರೆದಿದ್ದು 1889ರಲ್ಲಿ, ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿದ್ದಾಗ. ಅವರು ತಮ್ಮ ಕಿವಿ ಕತ್ತರಿಸ್ಕೊಂಡ ಕತೆ ಮಗು ಕೇಳಿದ್ರೆ ಚಿಕ್ಕದಾಗಿ ನಿಜ ಹೇಳಿ, ಅವರಿಗೆ ತುಂಬಾ ಹುಷಾರಿರ್ಲಿಲ್ಲ, ತಮಗೇ ಗಾಯ ಮಾಡ್ಕೊಂಡ್ರು, ಆಮೇಲೂ ಚಿತ್ರ ಬರೀತಾನೇ ಇದ್ರು ಅಂತ.

ಪುಸ್ತಕಗಳ ಒಂದು ದೊಡ್ಡ ಕೊರತೆ ಅಂದ್ರೆ ಎಲ್ಲಾ ಚಿತ್ರಾನೂ ಒಂದೇ ಸೈಜಲ್ಲಿ ಕಾಣತ್ತೆ. ಇದನ್ನ ಸರಿಮಾಡೋಕೆ ಅಳತೆ ಟೇಪ್ ಬೇಕು, ಚಿತ್ರದ ನಿಜವಾದ ಸೈಜನ್ನ ಗೋಡೆ ಮೇಲೋ ನೆಲದ ಮೇಲೋ ಅಳೆದು ತೋರಿಸಿ. ಚಿತ್ರದ ಕೆಳಗೆ ಸೆಂಟಿಮೀಟರಲ್ಲಿ ಅಳತೆ ಇರತ್ತೆ, ಸಾಮಾನ್ಯವಾಗಿ ಮೊದಲನೇದು ಎತ್ತರ, ಎರಡನೇದು ಅಗಲ. ಹೊಕುಸಾಯ್ ಅಲೆ ಸುಮಾರು 25 ಇಂಟು 37, ಎ4 ಹಾಳೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಮೋನಾಲಿಸಾ 77 ಇಂಟು 53. ಫ್ರೆಂಚ್ ಕಲಾವಿದ ಮತೀಸ್‌ನ ಬಸವನಹುಳು ಅನ್ನೋ ಚಿತ್ರ ಹತ್ರತ್ರ 3 ಮೀಟರ್ ಎತ್ತರ, ಅಷ್ಟೇ ಅಗಲ. ಪಿಕಾಸೊನ ಗೆರ್ನಿಕಾ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ, ಮನೆ ಒಳಗೆ ಹಿಡಿಯೋದು ಕಷ್ಟ, ಹೊರಗೆ ಹೋಗಿ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಮಗು ಆ ಚೌಕಟ್ಟಿನ ಒಳಗೆ ನಿಂತು ನೋಡ್ಲಿ. ಇನ್ನೊಂದು, ಒಂದೇ ಪೇಂಟಿಂಗ್ ಎರಡು ಪುಸ್ತಕದಲ್ಲಿ ಸಿಕ್ಕಿದ್ರೆ ಪಕ್ಕದಲ್ಲಿಡಿ, ನೀಲಿ ಒಂದರಲ್ಲಿ ಗಾಢ, ಒಂದರಲ್ಲಿ ತಿಳಿ, ಅಚ್ಚಿನಲ್ಲಿ ಬಣ್ಣ ಬದಲಾಗತ್ತೆ ಅನ್ನೋದು ತಾನಾಗೇ ಗೊತ್ತಾಗತ್ತೆ.

ಕೈಯಲ್ಲಿ ಏನಾದ್ರೂ ಮಾಡ್ಸೋದಾದ್ರೆ ಪ್ರಸಿದ್ಧ ಚಿತ್ರಾನ ಕಾಪಿ ಮಾಡ್ಸೋದು ನನಗೆ ಇಷ್ಟ ಇಲ್ಲ, ಮಗು ತನ್ನದು ಹಾಗೆ ಬರ್ಲಿಲ್ಲ ಅಂತ ಬೇಜಾರು ಮಾಡ್ಕೊಳತ್ತೆ. ಅವರು ಕೆಲಸ ಮಾಡಿದ ರೀತಿ ಮಾತ್ರ ತಗೊಳ್ಳಿ. ಮತೀಸ್‌ಗೆ 1941ರಲ್ಲಿ ದೊಡ್ಡ ಆಪರೇಷನ್ ಆದ್ಮೇಲೆ ನಿಂತು ಪೇಂಟ್ ಮಾಡೋದು ಕಷ್ಟ ಆಯ್ತು, ಕತ್ತರಿ ಹಿಡಿದ್ರು. ಸಹಾಯಕರು ಹಾಳೆಗೆ ಬಣ್ಣ ಬಳಿದು ಕೊಡ್ತಿದ್ರು, ಅದನ್ನ ಕತ್ತರಿಸಿ ಆಕಾರ ಮಾಡ್ತಿದ್ರು. ನೀವೂ ಮೊದ್ಲು ಹಾಳೆಗೆ ಬಣ್ಣ ಬಳಿಸಿ, ಒಣಗ್ಲಿ, ಆಮೇಲೆ ಪೆನ್ಸಿಲ್ ಗೆರೆ ಹಾಕದೆ ನೇರ ಕತ್ತರಿಸ್ಲಿ. ಬಣ್ಣದ ಕೆಲಸ ಶುರುವಾಗೋ ಮುಂಚೆ ಲೈಬ್ರರಿ ಪುಸ್ತಕ ಎತ್ತಿ ದೂರ ಇಡಿ, ಪುಟ ಹರಿದ್ರೆ ಸೆಲ್ಲೋಟೇಪ್ ಅಂಟಿಸ್ಬೇಡಿ, ಅದು ಹಳದಿಯಾಗಿ ಕಾಗದ ಹಾಳು ಮಾಡತ್ತೆ, ವಾಪಸ್ ಕೊಡುವಾಗ ಹೇಳಿದ್ರೆ ಅವರೇ ಸರಿಮಾಡ್ತಾರೆ.

ಒಬ್ಬ ಕಲಾವಿದರು ಸಾಕಾಗೋವರೆಗೂ ಪುಸ್ತಕ ರಿನ್ಯೂ ಮಾಡ್ತಾ ಇರಿ, ಆತುರ ಬೇಡ. ಮುಂದಿನವರನ್ನ ಮಗೂನೇ ಆರಿಸ್ಲಿ, ದೊಡ್ಡ ಪುಸ್ತಕ ಒಂದನ್ನ ಕೈಗೆ ಕೊಟ್ಟು ಯಾವ ಪುಟದಲ್ಲಿ ನಿಂತ್ಕೊಳತ್ತೆ ನೋಡಿ, ಆ ಹೆಸರಲ್ಲಿ ಪುಸ್ತಕ ರಿಸರ್ವ್ ಮಾಡಿ.