ತಕ್ಕಡಿ ಹಿಡಿದು ಸುರಿದ ನೊರೆ ಕಾಂಕ್ರೀಟ್: ನನ್ನ ಅನುಭವ

ಸೇತುವೆಯ ಕಂಬಗಳೆಲ್ಲ ಎದ್ದು ನಿಂತಿದ್ದವು, ಎರಡೂ ಬದಿಯ ಅಪ್ರೋಚ್, ಅಂದರೆ ಸೇತುವೆಗೆ ಏರುವ ರಸ್ತೆ, ಮಾತ್ರ ಬಾಕಿ. ಕೆಳಗೆ ಮೆತ್ತನೆಯ ಜೇಡಿ. ಆರು ಮೀಟರ್ ಎತ್ತರಕ್ಕೆ ಮಣ್ಣು ತುಂಬಿದರೆ ಚದರ ಮೀಟರಿಗೆ 11 ಟನ್ನಿಗೂ ಹೆಚ್ಚು ಭಾರ. ಅಷ್ಟು ಹೊರಿಸಿದರೆ ಜೇಡಿ ವರ್ಷಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಕಂಬದ ಮೇಲಿನ ಸೇತುವೆ ಅಲ್ಲೇ ನಿಂತಿರುತ್ತದೆ, ರಸ್ತೆ ಇಳಿಯುತ್ತದೆ, ಎರಡರ ನಡುವೆ ಮೆಟ್ಟಿಲು ಬೀಳುತ್ತದೆ.

ಅದಕ್ಕೇ ಫೋಮ್ ಕಾಂಕ್ರೀಟ್, ಅಂದರೆ ಸಿಮೆಂಟಿಗೆ ನೊರೆ ಬೆರೆಸಿದ ಹಗುರ ಕಾಂಕ್ರೀಟ್. ಒಂದೂವರೆ ಮೀಟರ್ ಜೇಡಿ ಅಗೆದು ತೆಗೆದು, ಅಲ್ಲಿಂದ ಮೇಲಕ್ಕೆ ಒಟ್ಟು ಏಳೂವರೆ ಮೀಟರ್ ತುಂಬುವುದೆಂದು ತೀರ್ಮಾನವಾಯಿತು. ಘನ ಮೀಟರಿಗೆ 500 ಕಿಲೋ ಲೆಕ್ಕದಲ್ಲಿ ಅದು ಚದರ ಮೀಟರಿಗೆ 3.75 ಟನ್. ತೆಗೆದ ಜೇಡಿಯ ತೂಕ ಸುಮಾರು 2.5 ಟನ್ ಕಳೆದರೆ, ನೆಲಕ್ಕೆ ಹೊಸದಾಗಿ ಬೀಳುವುದು ಒಂದೂಕಾಲು ಟನ್ ಮಾತ್ರ. ಸೇತುವೆಯ ತುದಿಯನ್ನು ಹೊರುವ ಅಬಟ್‌ಮೆಂಟ್ ಗೋಡೆಯನ್ನು ಹಿಂದಿನಿಂದ ತಳ್ಳುವ ಒತ್ತಡವೂ ತಗ್ಗುತ್ತದೆ. ಇಂಗ್ಲೆಂಡಿನ ಬಾತ್ ಬಳಿಯ ಕೂಮ್ ಡೌನ್‌ನಲ್ಲಿ, ಮನೆಗಳ ಅಡಿಯಲ್ಲಿ ಟೊಳ್ಳಾಗಿದ್ದ ಹಳೆಯ ಕಲ್ಲುಗಣಿಗಳನ್ನು ತುಂಬಿಸಿದ್ದೂ ಇದರಿಂದಲೇ, ಸುಮಾರು 6 ಲಕ್ಷ ಘನ ಮೀಟರ್.

ನಮ್ಮ ಮಿಶ್ರಣ ಸರಳವಾಗಿತ್ತು. ಒಂದು ಘನ ಮೀಟರಿಗೆ 310 ಕಿಲೋ ಸಿಮೆಂಟು, 155 ಲೀಟರ್ ನೀರು, ಉಳಿದ ಮುಕ್ಕಾಲು ಭಾಗ ನೊರೆ. ಜಲ್ಲಿಯೂ ಇಲ್ಲ, ಮರಳೂ ಇಲ್ಲ. ನೊರೆ ಕೈಗೆ ತೆಗೆದುಕೊಂಡರೆ ಶೇವಿಂಗ್ ಕ್ರೀಮಿನಂತೆ ಗಟ್ಟಿಯಾಗಿ ನಿಲ್ಲಬೇಕು. ಬೆರಳ ಸಂದಿಯಿಂದ ನೀರಾಗಿ ಇಳಿದರೆ ಅದನ್ನು ಸಿಮೆಂಟು-ನೀರಿನ ಸ್ಲರಿಗೆ ಸೇರಿಸಲು ನಾನು ಬಿಡುತ್ತಿರಲಿಲ್ಲ.

ಹತ್ತು ಲೀಟರಿನ ಬಕೆಟ್ ಮತ್ತು ತಕ್ಕಡಿ ದಿನವಿಡೀ ನನ್ನ ಪಕ್ಕದಲ್ಲೇ ಇರುತ್ತಿದ್ದವು. ಬಕೆಟ್ ತುಂಬಿಸಿ, ಅಂಚು ಸವರಿ, ತೂಗಿದಾಗ 5 ಕಿಲೋ ಬರಬೇಕು. ಮೊದಲ ದಿನ ಮಿಕ್ಸರ್ ಬಾಯಲ್ಲಿ ಸರಿಯಾಗಿ ಐದೇ ಬಂತು. ಅನುಮಾನಕ್ಕೆ ಹೋಸಿನ ತುದಿಯಲ್ಲಿ ಹಿಡಿದು ತೂಗಿದರೆ ಐದೂವರೆ! ಪಂಪಿನ ಒತ್ತಡಕ್ಕೆ, ಹೋಸಿನ ಉದ್ದಕ್ಕೆ, ದಾರಿಯಲ್ಲೇ ಗುಳ್ಳೆಗಳು ಒಡೆದಿದ್ದವು. ಅಂದಿನಿಂದ ಮಿಕ್ಸರಿನಲ್ಲೇ ಸ್ವಲ್ಪ ಹಗುರವಾಗಿ ಕಲಸಿದೆವು, ತೂಕ ಬರೆದುಕೊಂಡಿದ್ದು ಹೋಸಿನ ತುದಿಯದ್ದು ಮಾತ್ರ.

ಮರುದಿನ ನೋಡಿದರೆ ಮೇಸ್ತ್ರಿ ಮೂಲೆಯಲ್ಲಿ ವೈಬ್ರೇಟರ್ ಇಳಿಸಿದ್ದಾರೆ. ‘ಗಾಳಿ ಹೋಗ್ಲಿ ಅಂತ ಒಂದೆರಡು ಸಲ ಕೊಟ್ಟೆ ಸಾರ್’ ಅಂದರು. ಮಾಮೂಲಿ ಕಾಂಕ್ರೀಟಿನಲ್ಲಿ ಇಪ್ಪತ್ತು ವರ್ಷದ ಅಭ್ಯಾಸ, ಅವರ ತಪ್ಪೇನಿಲ್ಲ. ಮೊದಲೇ ಕೂರಿಸಿಕೊಂಡು ಹೇಳಬೇಕಾದವನು ನಾನು. ಇಲ್ಲಿ ಗಾಳಿಯೇ ಮಾಲು. ಇದು ತಾನಾಗಿ ಹರಿದು ಮಟ್ಟವಾಗುತ್ತದೆ, ಏನೂ ಮುಟ್ಟಿಸಬಾರದು. ಅಷ್ಟೇ ಸಲೀಸಾಗಿ ಶಟರಿಂಗ್ ಹಲಗೆಗಳ ಸಂದಿಯಿಂದಲೂ ಹೊರಗೆ ಹರಿಯುತ್ತದೆ, ಹಾಗಾಗಿ ಪ್ರತಿ ಜೋಡಣೆಗೂ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಹಾಸಿದೆವು.

ದೊಡ್ಡ ಪೆಟ್ಟು ಬಿದ್ದದ್ದು ಅವಸರದಿಂದ. ದಿನಕ್ಕೆ ಅರ್ಧ ಮೀಟರಿನಂತೆ ಪದರ ಹಾಕುತ್ತಿದ್ದವರು, ಕೆಲಸ ಹಿಂದೆ ಬಿದ್ದಿದೆಯೆಂದು ಒಂದು ಮಧ್ಯಾಹ್ನ ಒಂದೇ ಏಟಿಗೆ ಮೀಟರಿಗೂ ಹೆಚ್ಚು ಸುರಿದೆವು. ಒಪ್ಪಿಗೆ ಕೊಟ್ಟವನು ನಾನೇ. ಬೆಳಿಗ್ಗೆ ಬಂದು ನೋಡಿದರೆ ನಡುಭಾಗ ನಾಲ್ಕು ಬೆರಳಷ್ಟು ಕುಸಿದಿತ್ತು, ಸುತ್ತಲೂ ಬಿರುಕು. ಗರಗಸದಲ್ಲಿ ಕತ್ತರಿಸಿ ತೆಗೆದ ತುಂಡು ಇನ್ನೂ ಕಣ್ಣ ಮುಂದಿದೆ. ಮೇಲೆ ಒಂದಕ್ಕೊಂದು ಕೂಡಿಕೊಂಡು ಕಡಲೆಕಾಳಿನಷ್ಟು ದೊಡ್ಡದಾದ ಗುಳ್ಳೆಗಳು, ತಳದಲ್ಲಿ ಒತ್ತಾದ ಬೂದುಬಣ್ಣದ ಸಿಮೆಂಟು. ದಪ್ಪ ಪದರದೊಳಗೆ ಸಿಮೆಂಟಿನ ಬಿಸಿ ಹೊರಹೋಗಲಾರದೆ ಉಳಿಯುತ್ತದೆ, ಗಾಳಿ ಹಿಗ್ಗುತ್ತದೆ, ಗುಳ್ಳೆಯ ಗೋಡೆ ಗಟ್ಟಿಯಾಗುವ ಮೊದಲೇ ಅದು ಒಡೆಯುತ್ತದೆ. ಆ ಪದರವನ್ನು ಪೂರ್ತಿ ಕಿತ್ತು ಹಾಕಿದೆವು.

ಇನ್ನೊಂದು ಭಯ ನೀರಿನದ್ದು. ಅಂತರ್ಜಲ ಗುಂಡಿಯ ತಳದಿಂದ ಒಂದು ಮೀಟರ್ ಮೇಲಿತ್ತು. ನೀರಿಗಿಂತ ಹಗುರವಾದದ್ದು ತೇಲುತ್ತದೆ. ಮೂರು ಪದರದ ತೂಕ ಚದರ ಮೀಟರಿಗೆ ಮುಕ್ಕಾಲು ಟನ್, ಕೆಳಗಿನಿಂದ ನೀರು ಎತ್ತುವುದು ಒಂದು ಟನ್. ಪಂಪ್ ನಿಂತರೆ ಇಡೀ ಚಪ್ಪಡಿಯೇ ಮೇಲೇಳುತ್ತಿತ್ತು. ಹಾಗಾಗಿ ಆರನೇ ಪದರ ಗಟ್ಟಿಯಾಗುವವರೆಗೆ ನೀರೆತ್ತುವ ಪಂಪು ಹಗಲು ರಾತ್ರಿ ಓಡಿತು, ಪಕ್ಕದಲ್ಲಿ ಇನ್ನೊಂದು ಸಿದ್ಧವಾಗಿ ಕಾದಿತ್ತು. ಪಂಪು ನಿಲ್ಲಿಸಿದ ರಾತ್ರಿ ಎತ್ತರ ಅಳೆಯುವ ಲೆವೆಲ್ ಯಂತ್ರ ಹಿಡಿದು ಅಲ್ಲೇ ಕೂತೆ. ಗಂಟೆಗೊಮ್ಮೆ ಓದಿದೆ. ಬೆಳಗಿನವರೆಗೂ ಅಂಕಿ ಅಲುಗಲಿಲ್ಲ.