ಕೊಡಗಿನ ಮಳೆಗಾಲದಲ್ಲಿ ಆರ್ಟೀಮಿಯಾ ಮರಿ ಮಾಡುವುದು: ನನ್ನ ಅನುಭವ

ಬ್ರೈನ್ ಶ್ರಿಂಪ್, ಅಂದರೆ ಆರ್ಟೀಮಿಯಾ, ಉಪ್ಪುನೀರಿನಲ್ಲಿ ಬದುಕುವ ಸಿಗಡಿಯಂಥ ಪುಟ್ಟ ಜೀವಿ; ಅದರ ಮರಿ ಮೀನಿನ ಮರಿಗಳಿಗೆ ಜೀವಂತ ಆಹಾರ. ಅದರ ಮೊಟ್ಟೆಯ ಡಬ್ಬಿಯನ್ನು ಯಾವ ಕಂಪನಿಯದನ್ನು ಕೊಂಡರೂ ಅದರ ಮೇಲೆ ಬರೆದಿರುವುದು ಹೆಚ್ಚುಕಡಿಮೆ ಒಂದೇ: 28 ಡಿಗ್ರಿ ಬಿಸಿ, ಲೀಟರಿಗೆ 25ರಿಂದ 30 ಗ್ರಾಂ ಉಪ್ಪು, ಒಳ್ಳೆಯ ಗಾಳಿ, ಬೆಳಕು, ಒಂದು ದಿನ. ಮಂಗಳೂರಿನಲ್ಲಿ ಮೀನು ಸಾಕುವವರಿಗೆ ಇಷ್ಟು ಸಾಕು. ಅಲ್ಲಿ 28 ಡಿಗ್ರಿ ಪುಕ್ಕಟೆಯಾಗಿ ಸಿಗುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯ ಕಡೆ ಜೂನ್ ಕಳೆಯಿತೆಂದರೆ ಮನೆಯೊಳಗೇ 20 ಡಿಗ್ರಿ ಇದ್ದರೆ ಹೆಚ್ಚು. ಗೋಡೆ ಬೆವರುತ್ತದೆ, ಬೆಂಕಿಕಡ್ಡಿ ಹೊತ್ತುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ತೋಟದ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಇಂಥ ಜಾಗದಲ್ಲಿ ಆರ್ಟೀಮಿಯಾ ಮಾಡುವವರಿಗೆ ಡಬ್ಬಿಯ ಮೇಲಿನ ನಾಲ್ಕು ಸಾಲು ಸಾಲದು. ನಾನು ಇದನ್ನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹೇಗೆ ನಡೆಸುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಇಷ್ಟು ಕಷ್ಟ ಏಕೆ ಎಂಬ ಪ್ರಶ್ನೆಗೆ ಉತ್ತರ. ನಾನು ಸಾಕುವುದು ಏಂಜಲ್, ಫೈಟರ್, ಗಪ್ಪಿ ಎಂಬ ಅಕ್ವೇರಿಯಂ ಮೀನುಗಳನ್ನು. ಇವುಗಳಲ್ಲಿ ಗಪ್ಪಿಯ ಮರಿ ಪುಡಿ ಆಹಾರದಲ್ಲೂ ಬದುಕುತ್ತದೆ. ಏಂಜಲ್ ಮರಿ ಹಾಗಲ್ಲ. ಅದು ಈಜಲು ಕಲಿತ ದಿನದಿಂದ ಕಣ್ಣೆದುರು ಅಲುಗಾಡುವುದನ್ನೇ ಹಿಡಿಯಲು ಹೋಗುತ್ತದೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವ ಹಳೆಯ ಪದ್ಧತಿ ಇದೆ, ಆದರೆ ಮರಿ ತಿನ್ನುವುದು ಸ್ವಲ್ಪ, ತಳಕ್ಕಿಳಿದು ಕೊಳೆಯುವುದು ಬಹಳ. ಆಗ ತಾನೇ ಹೊರಬಂದ ಆರ್ಟೀಮಿಯಾ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಸದಾ ಈಜುತ್ತಿರುತ್ತದೆ, ಹೊಟ್ಟೆಯಲ್ಲಿ ಕೊಬ್ಬು ತುಂಬಿಕೊಂಡಿರುತ್ತದೆ. ಅದನ್ನು ತಿಂದ ಏಂಜಲ್ ಮರಿಯ ಹೊಟ್ಟೆ ಕಿತ್ತಳೆ ಬಣ್ಣದಲ್ಲಿ ಉಬ್ಬಿ ಹೊರಗಿನಿಂದಲೇ ಕಾಣುತ್ತದೆ. ಯಾವ ಮರಿ ತಿಂದಿದೆ, ಯಾವುದು ಉಪವಾಸವಿದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಆಹಾರ ನನಗೆ ಗೊತ್ತಿಲ್ಲ.

ಮಾರುಕಟ್ಟೆಗೆ ಬರುವ ಮೊಟ್ಟೆಯಲ್ಲಿ ದೊಡ್ಡ ಪಾಲು ಅಮೆರಿಕದ ಯೂಟಾದಲ್ಲಿರುವ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪಿನ ಸರೋವರದ್ದು. ನಮ್ಮ ದೇಶದಲ್ಲೂ ತಮಿಳುನಾಡಿನ ತೂತ್ತುಕುಡಿಯ ಉಪ್ಪಿನಗದ್ದೆಗಳಲ್ಲಿ ಆರ್ಟೀಮಿಯಾ ಇದೆ. ನೋಡಲು ಕಂದು ಬಣ್ಣದ ಪುಡಿ, ಒಂದು ಗ್ರಾಂನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮೊಟ್ಟೆ. ಅಣ್ಣನ ಮಗಳು ಒಮ್ಮೆ ಅದನ್ನು ಬೆರಳ ತುದಿಯಲ್ಲಿ ಅಂಟಿಸಿಕೊಂಡು, "ಚಿಕ್ಕಪ್ಪ, ಇದು ಸತ್ತದ್ದೋ ಬದುಕಿದ್ದೋ?" ಎಂದು ಕೇಳಿದಳು. "ಒಣಗಿರುವಷ್ಟು ಹೊತ್ತು ಬದುಕಿರುತ್ತದೆ ಮಗಳೇ" ಎಂದೆ. ಕೊಡಗಿನ ಮಟ್ಟಿಗೆ ಮುಖ್ಯ ವಿಷಯ ಇದೇ. ಮೊಟ್ಟೆಯೊಳಗಿನ ಭ್ರೂಣ ಪೂರ್ತಿ ಒಣಗಿ ತಟಸ್ಥವಾಗಿ ಕುಳಿತಿರುತ್ತದೆ. ಗಾಳಿಯ ತೇವವನ್ನು ಅದು ಹೀರಿಕೊಂಡರೆ ಒಳಗೆ ಅರೆಬರೆ ಚಟುವಟಿಕೆ ಶುರುವಾಗುತ್ತದೆ, ಹೊರಬರುವಷ್ಟು ನೀರು ಸಿಗುವುದಿಲ್ಲ, ಕೂಡಿಟ್ಟ ಶಕ್ತಿ ಕರಗಿ ಭ್ರೂಣ ಸಾಯುತ್ತದೆ. ಪುಡಿಯ ಬಣ್ಣವಾಗಲಿ ವಾಸನೆಯಾಗಲಿ ಇದನ್ನು ಹೇಳುವುದಿಲ್ಲ. ಬಾಟಲಿಗೆ ಹಾಕಿ ಒಂದು ದಿನ ಕಾದ ಮೇಲೆ ತಳದಲ್ಲಿ ಮೊಟ್ಟೆ ಹಾಗೆಯೇ ಉಳಿದಿರುವುದನ್ನು ಕಂಡಾಗಲೇ ತಿಳಿಯುವುದು.

ಹಾಗಾಗಿ ನಾನು ಅಂಗಡಿಯಲ್ಲಿ ಬಿಡಿಯಾಗಿ ಕಟ್ಟಿ ತೂಗುಹಾಕಿದ ಪೊಟ್ಟಣವನ್ನು ಕೊಳ್ಳುವುದಿಲ್ಲ. ಮುಚ್ಚಳ ಸೀಲ್ ಆಗಿರುವ ಡಬ್ಬಿಯನ್ನು ಮಳೆಗೆ ಮೊದಲೇ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತರಿಸುತ್ತೇನೆ. ಮಧ್ಯಾಹ್ನ ಗಾಳಿ ಒಣಗಿರುವ ಹೊತ್ತಿನಲ್ಲಿ ತೆರೆದು, ಹೋಮಿಯೋಪತಿ ಗುಳಿಗೆಯ ಖಾಲಿ ಬಾಟಲಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತುಂಬುತ್ತೇನೆ. ಒಂದು ಬಾಟಲಿ ಒಂದು ವಾರಕ್ಕೆ ಸಾಲುವಂತಿರಬೇಕು. ಈ ಬಾಟಲಿಗಳನ್ನೆಲ್ಲ ದೊಡ್ಡ ಗಾಜಿನ ಭರಣಿಯಲ್ಲಿಟ್ಟು, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಸಿಲಿಕಾ ಜೆಲ್ ಸಿಗದಿದ್ದರೆ ಒಣ ಬಾಣಲೆಯಲ್ಲಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡಬಹುದು. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಆ ಕ್ಷಣವೇ ತೆರೆಯಬಾರದು. ತಣ್ಣನೆಯ ಗಾಜಿನ ಮೇಲೆ ನಮ್ಮ ಗಾಳಿ ತಕ್ಷಣ ನೀರಾಗಿ ಕೂರುತ್ತದೆ, ಮುಚ್ಚಳ ತೆರೆದರೆ ಒಳಗಿನ ಪುಡಿಯ ಮೇಲೂ ಕೂರುತ್ತದೆ. ಗಾಜು ಕೋಣೆಯ ಬಿಸಿಗೆ ಬಂದು ಹೊರಮೈ ಒಣಗುವ ತನಕ ಕಾಯಬೇಕು. ಪುಡಿ ತೆಗೆಯುವ ಚಮಚವನ್ನು ಒಲೆಯ ಹತ್ತಿರ ಹಿಡಿದು ಒಣಗಿಸಿಕೊಂಡೇ ಹಾಕಬೇಕು.

ಮರಿ ಮಾಡುವ ಪಾತ್ರೆ ತಂಪು ಪಾನೀಯದ 2 ಲೀಟರ್ ಬಾಟಲಿ. ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದರೆ ಕುತ್ತಿಗೆಯ ಕಡೆ ಆಲಿಕೆಯಂತೆ ಕಿರಿದಾಗುತ್ತದೆ, ಮೊಟ್ಟೆ ಮೂಲೆಯಲ್ಲಿ ಕೂರಲು ಜಾಗವಿರುವುದಿಲ್ಲ. ಮುಚ್ಚಳಕ್ಕೆ ತೂತು ಕೊರೆದು ಅಡಿಯಿಂದ ಗಾಳಿ ಬಿಡುವ ಪದ್ಧತಿಯೂ ಇದೆ. ನನಗೆ ಸೋರುವ ಮುಚ್ಚಳದ ಕಾಟ ಬೇಡ. ಗಟ್ಟಿಯಾದ ಪ್ಲಾಸ್ಟಿಕ್ ಕೊಳವೆಯನ್ನು ಮೇಲಿನಿಂದ ಇಳಿಬಿಟ್ಟು ಅದರ ತುದಿ ಕುತ್ತಿಗೆಯ ತಳವನ್ನು ಮುಟ್ಟುವಂತೆ ಕಟ್ಟಿದ್ದೇನೆ. ತುದಿಗೆ ಏರ್ ಸ್ಟೋನ್, ಅಂದರೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಕಲ್ಲು, ಹಾಕುವುದಿಲ್ಲ. ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ಮೊಟ್ಟೆಯನ್ನು ಗೋಡೆಗೆ ಹತ್ತಿಸುತ್ತವೆ, ಹತ್ತಿದ ಮೊಟ್ಟೆ ಅಲ್ಲೇ ಒಣಗುತ್ತದೆ. ದೊಡ್ಡ ಗುಳ್ಳೆಗಳು ಕುದಿಯುವ ಎಸರಿನ ಹಾಗೆ ನೀರನ್ನು ಮಗುಚುತ್ತಿದ್ದರೆ ಸರಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಮೊಳೆಗೆ ತೂಗುಹಾಕಬೇಕು. ಕೆಳಗಿದ್ದರೆ ಕರೆಂಟ್ ಹೋದಾಗ ಉಪ್ಪುನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪ್ ಹಾಳಾಗುತ್ತದೆ.

ಚಳಿಗೆ ಉತ್ತರ ಮೀನಿನ ಥರ್ಮೋಕೋಲ್ ಪೆಟ್ಟಿಗೆ. ಕರಾವಳಿಯಿಂದ ಐಸ್ ಹಾಕಿ ಮೀನು ತರುವ ಪೆಟ್ಟಿಗೆಗಳು ನಮ್ಮ ಸಂತೆಗಳಲ್ಲಿ ಸುಲಭವಾಗಿ ಸಿಗುತ್ತವೆ. ಅದರೊಳಗೆ ಒಂದು ಬಕೆಟ್, ಬಕೆಟ್‌ನಲ್ಲಿ ಸಾದಾ ನೀರು, ಆ ನೀರಿನಲ್ಲಿ 50 ವ್ಯಾಟ್‌ನ ಅಕ್ವೇರಿಯಂ ಹೀಟರ್, ಅದೇ ನೀರಿನಲ್ಲಿ ಅರ್ಧ ಮುಳುಗಿ ನಿಂತ ಎರಡು ಬಾಟಲಿಗಳು. ಬಾಟಲಿಯೊಳಗೇ ಹೀಟರ್ ಇಡಬಾರದು. ಅಷ್ಟು ಕಡಿಮೆ ನೀರು ಬೇಗ ಕಾದುಬಿಡುತ್ತದೆ. ಪೆಟ್ಟಿಗೆಯ ಮುಚ್ಚಳದಲ್ಲಿ ಕಿಂಡಿ ಮಾಡಿ ಒಂದು ಎಲ್‌ಇಡಿ ಬಲ್ಬ್ ಇಟ್ಟಿದ್ದೇನೆ. ನೀರು ಹೀರಿಕೊಂಡ ಮೊಟ್ಟೆಗೆ ಮೊದಲ ಕೆಲವು ಗಂಟೆಗಳಲ್ಲಿ ಬೆಳಕು ಬಿದ್ದರೆ ಮಾತ್ರ ಅದು ಚೆನ್ನಾಗಿ ಎಚ್ಚರಗೊಳ್ಳುತ್ತದೆ. ಉಪ್ಪುನೀರಿನ ಹನಿ ವಿದ್ಯುತ್ ಬೋರ್ಡಿಗೆ ತಗುಲದಂತೆ ತಂತಿಗಳನ್ನು ಬೋರ್ಡಿಗಿಂತ ಕೆಳಕ್ಕೆ ಬಾಗಿಸಿ ಆಮೇಲೆ ಮೇಲಕ್ಕೆ ಒಯ್ಯಬೇಕು. ತಂತಿಯ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಬಿಸಿಯ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಹೀಟರ್ ಇಲ್ಲದಿದ್ದರೂ ಮರಿ ಆಗುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೇ ಎನ್ನುವವರಿದ್ದಾರೆ. ನಿಜ, 20 ಡಿಗ್ರಿಯಲ್ಲೂ ಎರಡು ದಿನ ಬಿಟ್ಟರೆ ಮರಿ ಕಾಣಿಸುತ್ತದೆ. ಆದರೆ ತಣ್ಣನೆಯ ನೀರಿನಲ್ಲಿ ಎಲ್ಲವೂ ಒಟ್ಟಿಗೆ ಹೊರಬರುವುದಿಲ್ಲ, ಬಿಡಿಬಿಡಿಯಾಗಿ ಬರುತ್ತವೆ. ಹೊರಬಂದ ಮರಿಗೆ ಮೊದಲ ಹಂತದಲ್ಲಿ ಬಾಯಿ ಕೆಲಸ ಮಾಡುವುದಿಲ್ಲ. ಹುಟ್ಟುವಾಗ ತಂದ ಕೊಬ್ಬನ್ನೇ ಕರಗಿಸಿಕೊಂಡು ಈಜುತ್ತದೆ. ಕೊನೆಯ ಮೊಟ್ಟೆ ಒಡೆಯುವ ತನಕ ನಾವು ಕಾದರೆ ಮೊದಲು ಬಂದವು ಸೊರಗಿ ಹೋಗಿರುತ್ತವೆ. ಮೀನಿನ ಮರಿಗೆ ಸಿಗಬೇಕಾದದ್ದು ಆ ಕೊಬ್ಬೇ. 28 ಡಿಗ್ರಿಯಲ್ಲಿಟ್ಟರೆ ಬಹುಪಾಲು ಮರಿಗಳು ಹತ್ತಿರಹತ್ತಿರದ ಹೊತ್ತಿನಲ್ಲಿ ಹೊರಬರುತ್ತವೆ, ಎಲ್ಲವನ್ನೂ ತುಂಬಿದ ಹೊಟ್ಟೆಯಲ್ಲೇ ಹಿಡಿಯಬಹುದು.

ನಮ್ಮ ಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲ, ಅದೊಂದು ಅನುಕೂಲ. ಆದರೆ ಇಷ್ಟು ಮಳೆ ಬೀಳುವ ಗುಡ್ಡದ ನೀರು ಬಹಳ ಮೃದು, ಆಮ್ಲದ ಕಡೆಗೆ ವಾಲಿರುತ್ತದೆ. ಮೊಟ್ಟೆಯ ಪೊರೆಯನ್ನು ಕರಗಿಸಿ ಮರಿಯನ್ನು ಬಿಡಿಸುವ ಕಿಣ್ವಕ್ಕೆ ಕ್ಷಾರೀಯ ನೀರು ಬೇಕು, ಪಿಎಚ್ 8ಕ್ಕಿಂತ ಮೇಲಿರಬೇಕು. ಅದಕ್ಕೆ ಲೀಟರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಸಾಕು. ಇದನ್ನು ಬಿಟ್ಟು ಎಷ್ಟು ಒಳ್ಳೆಯ ಮೊಟ್ಟೆ ಹಾಕಿದರೂ ಕೊಡಗಿನ ನೀರಿನಲ್ಲಿ ಪೂರ್ತಿ ಫಲ ಸಿಗುವುದಿಲ್ಲ.

ಉಪ್ಪಿಗೆ ನಾನು ಹರಳುಪ್ಪನ್ನೇ ಬಳಸುತ್ತೇನೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ಅದನ್ನು ತೂಗುವುದರಲ್ಲಿ ಅರ್ಥವಿಲ್ಲ, ತೂಕದಲ್ಲಿ ನೀರಿನದೆಷ್ಟೋ ತಿಳಿಯುವುದಿಲ್ಲ. ಅದಕ್ಕಾಗಿ ಒಂದು ಭರಣಿಯಲ್ಲಿ ನೀರಿಗೆ ಉಪ್ಪು ಹಾಕುತ್ತಾ ಹೋಗಿ, ಇನ್ನು ಕರಗದೆ ತಳದಲ್ಲಿ ಹರಳು ನಿಲ್ಲುವಂತೆ ಮಾಡಿಡುತ್ತೇನೆ. ಹೀಗೆ ಉಪ್ಪು ತುಂಬಿ ನಿಂತ ನೀರಿನ ಲೀಟರಿಗೆ ಸುಮಾರು 317 ಗ್ರಾಂ ಉಪ್ಪು ಇರುತ್ತದೆ. ಚಳಿ ಬಿಸಿಲುಗಳಿಂದ ಆ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಮೇಲಿನ ತಿಳಿಯನ್ನು 100 ಮಿಲಿಲೀಟರ್ ಅಳೆದು ಒಂದು ಲೀಟರ್ ಬಾವಿ ನೀರಿಗೆ ಬೆರೆಸಿದರೆ ಲೀಟರಿಗೆ 29 ಗ್ರಾಂ ಹತ್ತಿರ ಬರುತ್ತದೆ. ತಕ್ಕಡಿಯ ಗೊಡವೆಯೇ ಇಲ್ಲ.

ಒಂದೂವರೆ ಲೀಟರ್ ನೀರಿಗೆ ಅರ್ಧ ಟೀ ಚಮಚ ಮೊಟ್ಟೆ ನನ್ನ ತೊಟ್ಟಿಗಳಿಗೆ ಸಾಕಾಗುತ್ತದೆ. ಲೀಟರಿಗೆ 2 ಗ್ರಾಂ ಮೀರಿದರೆ ದಟ್ಟಣೆಯಾಗಿ ಫಲ ಇಳಿಯುತ್ತದೆ. ರಾತ್ರಿ ಊಟದ ಹೊತ್ತಿಗೆ ಹಾಕಿದ್ದು ಮರುದಿನ ರಾತ್ರಿಯ ಹೊತ್ತಿಗೆ ಸಿದ್ಧ. ಎರಡನೆಯ ಬಾಟಲಿಯನ್ನು ಒಂದು ದಿನ ಬಿಟ್ಟು ಹಾಕಿದರೆ ನಿತ್ಯವೂ ತಾಜಾ ಮರಿ ಸಿಗುತ್ತದೆ. ಹಾಕಿದ ಒಂದೆರಡು ಗಂಟೆಯ ನಂತರ ಗೋಡೆಗೆ ಹತ್ತಿದ ಮೊಟ್ಟೆಯನ್ನು ಅದೇ ನೀರಿನಿಂದ ತೊಳೆದು ಇಳಿಸಬೇಕು.

ಮರಿ ಬರುವ ಸ್ವಲ್ಪ ಮೊದಲು ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ, ಚಿಪ್ಪು ಬಿರಿದು ಅದರ ಕೆಳಗೆ ಪಾರದರ್ಶಕ ಪೊರೆಯೊಳಗೆ ಕಿತ್ತಳೆ ಬಣ್ಣದ ಮರಿ ನೇತಾಡುತ್ತಿರುವುದು ಕಾಣುತ್ತದೆ. ಈ ಹಂತಕ್ಕೆ ಛತ್ರಿ ಹಂತ ಎಂದು ಹೆಸರು. ಆಮೇಲೆ ಪೊರೆ ಹರಿದು ಹೊರಬಂದದ್ದಕ್ಕೆ ಹಣೆಯ ನಡುವೆ ಒಂದೇ ಒಂದು ಕಣ್ಣು, ಮೂರು ಜೊತೆ ಅವಯವಗಳು. ಅದರಲ್ಲಿ ದೊಡ್ಡ ಜೊತೆಯನ್ನು ದೋಣಿಯ ಹುಟ್ಟಿನ ಹಾಗೆ ಬೀಸುತ್ತಾ ಜಗ್ಗಿ ಜಗ್ಗಿ ಈಜುತ್ತದೆ. ಆ ಒಂದು ಕಣ್ಣಿನಿಂದಲೇ ನಮ್ಮ ಕೆಲಸ ಸುಲಭವಾಗುವುದು, ಏಕೆಂದರೆ ಮರಿ ಬೆಳಕಿನ ಕಡೆಗೇ ಹೋಗುತ್ತದೆ.

ತೆಗೆಯುವಾಗ ಗಾಳಿ ನಿಲ್ಲಿಸಿ, ಬಾಟಲಿಯ ಮೇಲ್ಭಾಗಕ್ಕೆ ಕಪ್ಪು ಬಟ್ಟೆ ಸುತ್ತಿ, ಕುತ್ತಿಗೆಗಿಂತ ಎರಡು ಬೆರಳು ಮೇಲೆ ಟಾರ್ಚ್ ಹಿಡಿಯುತ್ತೇನೆ. ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ಕುತ್ತಿಗೆಯ ತಳಕ್ಕಿಳಿಯುತ್ತದೆ, ಮರಿಗಳು ಬೆಳಕಿನ ಎದುರು ಕಿತ್ತಳೆ ಮೋಡವಾಗಿ ಸೇರುತ್ತವೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬಾರದು, ಅಷ್ಟು ದಟ್ಟಣೆಯಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ತೆಳುವಾದ ಕೊಳವೆಯಿಂದ ಆ ಮೋಡವನ್ನಷ್ಟೇ ಎಳೆದು, ಮಡಿಸಿದ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆಯುತ್ತೇನೆ. ಮೊಟ್ಟೆ ಒಡೆದಾಗ ಅದರೊಳಗಿನ ಗ್ಲಿಸರಾಲ್ ನೀರಿಗೆ ಬೀಳುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆ ನೀರು ಮರಿಮೀನಿನ ತೊಟ್ಟಿಗೆ ಹೋಗಬಾರದು. ಚಿಪ್ಪೂ ಹೋಗಬಾರದು, ಅದು ಜೀರ್ಣವಾಗುವುದಿಲ್ಲ.

ಸಿಹಿನೀರಿನ ತೊಟ್ಟಿಯಲ್ಲಿ ಆರ್ಟೀಮಿಯಾ ಕೆಲವು ಗಂಟೆ ಮಾತ್ರ ಬದುಕುತ್ತದೆ. ಹೊಟ್ಟೆ ತುಂಬಿದಷ್ಟಕ್ಕೆ ನಿಲ್ಲಿಸಿ, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಹಾಕುವುದೇ ಸರಿ. ಉಳಿದದ್ದನ್ನು ತೆಳುವಾದ ಉಪ್ಪುನೀರಿನ ಪದರದಲ್ಲಿ ಫ್ರಿಜ್‌ನಲ್ಲಿಟ್ಟರೆ ಚಳಿಗೆ ಮರಿಯ ಚಟುವಟಿಕೆ ನಿಧಾನವಾಗಿ ಕೊಬ್ಬು ಉಳಿಯುತ್ತದೆ, ಮರುದಿನಕ್ಕೆ ಆಗುತ್ತದೆ. ಫೈಟರ್‌ನ ಮರಿಗಳಿಗೆ ಮೊದಲ ಕೆಲವು ದಿನ ಇದೂ ದೊಡ್ಡ ತುತ್ತು. ಅಲ್ಲಿಯ ತನಕ ಹಸಿರು ಪಾಚಿ ಕಟ್ಟಿದ ನೀರಿನ ಸೂಕ್ಷ್ಮಜೀವಿಗಳೇ ಅವುಗಳ ಆಹಾರ.

ಇನ್ನು ಕರೆಂಟ್. ಇನ್ವರ್ಟರ್ ಏರ್ ಪಂಪನ್ನೂ ಹೀಟರನ್ನೂ ಕೆಲವು ಗಂಟೆ ನಡೆಸುತ್ತದೆ, ದಿನಗಟ್ಟಲೆ ನಡೆಸುವುದಿಲ್ಲ. ಕರೆಂಟ್ ಯಾವ ಹಂತದಲ್ಲಿ ಹೋಯಿತು ಎಂಬುದನ್ನು ನೋಡಿ ಮುಂದಿನ ಕೆಲಸ. ಮೊಟ್ಟೆ ಇನ್ನೂ ಒಡೆಯದಿದ್ದರೆ ಗಾಬರಿಯಿಲ್ಲ. ಉಸಿರುಗಟ್ಟುವ ನೀರಿನಲ್ಲಿ ಸುಮ್ಮನೆ ಕಾಯುವ ಶಕ್ತಿ ಈ ಭ್ರೂಣಕ್ಕೆ ಇರುವಷ್ಟು ಬೇರೆ ಯಾವ ಪ್ರಾಣಿಗೂ ಇರುವುದು ಅಪರೂಪ. ಗಾಳಿ ಮರಳಿ ಬಂದಾಗ ಕೆಲಸ ಮುಂದುವರಿಯುತ್ತದೆ, ತಡವಾಗುವುದಷ್ಟೇ. ಮರಿ ಆಗಲೇ ಹೊರಬಂದಿದ್ದರೆ ಮಾತ್ರ ತಡಮಾಡಬಾರದು. ಬಾಟಲಿಯ ನೀರನ್ನೆಲ್ಲ ಅಗಲವಾದ ಬೇಸಿನ್‌ಗೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಹರಡಿದರೆ ಮೇಲ್ಮೈಯಿಂದಲೇ ಸಾಕಷ್ಟು ಗಾಳಿ ಇಳಿಯುತ್ತದೆ.

ಮಳೆ ಜೋರಾಗಿ ಕರೆಂಟ್ ಬಾರದೆಂದು ಗೊತ್ತಿರುವ ದಿನಗಳಲ್ಲಿ ನಾನು ಬಾಟಲಿಯನ್ನು ಮುಟ್ಟುವುದೇ ಇಲ್ಲ. ಅದೇ ಅಗಲ ಬೇಸಿನ್‌ನಲ್ಲಿ ತೆಳುವಾಗಿ ಉಪ್ಪುನೀರು ಹಾಕಿ, ಮೇಲೆ ಚಿಟಿಕೆಯಷ್ಟು ಮೊಟ್ಟೆ ಉದುರಿಸಿ, ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು, ಬಚ್ಚಲ ಹಂಡೆಯ ಬಿಸಿನೀರು ತುಂಬಿದ ಎರಡು ಬಾಟಲಿಗಳನ್ನು ಪಕ್ಕದಲ್ಲಿ ಮಲಗಿಸುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಹಂಡೆಯ ಒಲೆ ಆರುವುದೇ ಇಲ್ಲವಾದ್ದರಿಂದ ಬಾಟಲಿಯ ನೀರು ಬದಲಿಸುವುದು ಕಷ್ಟವಲ್ಲ. ಹಗಲಿನಲ್ಲಿ ಪೆಟ್ಟಿಗೆಯ ಮುಚ್ಚಳದ ಬದಲು ಗಾಜು ಮುಚ್ಚಿ ಕಿಟಕಿಯ ಬಳಿ ಇಟ್ಟರೆ ಬೆಳಕೂ ಸಿಗುತ್ತದೆ. ಫಲ ಬಾಟಲಿಯಷ್ಟು ಬರುವುದಿಲ್ಲ, ಆದರೆ ಒಂದು ಸಂಸಾರದ ಏಂಜಲ್ ಮರಿಗಳು ಉಪವಾಸ ಬೀಳುವುದಿಲ್ಲ.

ಮುಗಿದ ಉಪ್ಪುನೀರನ್ನು ಮತ್ತೆ ಬಳಸುವುದಿಲ್ಲ, ಕಾಫಿ ಗಿಡದ ಬುಡಕ್ಕಾಗಲಿ ಮೆಣಸಿನ ಬಳ್ಳಿಯ ಬುಡಕ್ಕಾಗಲಿ ಚೆಲ್ಲುವುದೂ ಇಲ್ಲ. ಬಚ್ಚಲಿನ ನೀರಿನ ಜೊತೆ ತೆಳುವಾಗಿ ಹರಿಯಬಿಡುತ್ತೇನೆ. ಬಾಟಲಿಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು ಪೂರ್ತಿ ಒಣಗಿಸಿಯೇ ಮುಂದಿನ ಮೊಟ್ಟೆ ಹಾಕುವುದು. ಮಳೆಯಲ್ಲಿ ಒಣಗುವುದು ನಿಧಾನ, ಅದಕ್ಕೆ ಕತ್ತರಿಸಿದ ಬಾಟಲಿಗಳನ್ನು ಒಂದೆರಡು ಹೆಚ್ಚೇ ಮಾಡಿಟ್ಟುಕೊಂಡು ಹಂಡೆಯ ಒಲೆಯ ಮೇಲಿನ ಗೂಟಕ್ಕೆ ನೇತುಹಾಕಿದ್ದೇನೆ.